‘ಅಡ್ಡಿಪಡಿಸು’ ಎಂಬ ಒಂದೇ ಅರ್ಥದಡಿ ಬರುವ ಇಂಗ್ಲಿಷ್ ಪದಗಳನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಹೇಗೆ?

ಪ್ರಶ್ನೆ: ಸೋಮವಾರಪೇಟೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ತರಗತಿಯಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಅರೆಭಾಷೆ, ಇನ್ನು ಕೆಲವರದು ಕೊಡವ ತಕ್ಕ್, ಮಲಯಾಳ ಅಥವಾ ತುಳು. ಆದರೆ ಇಂಗ್ಲಿಷ್ ಪದದ ಅರ್ಥವನ್ನು ಎಲ್ಲರೂ ಕನ್ನಡದ ಮೂಲಕವೇ ತಿಳಿದುಕೊಳ್ಳುತ್ತಾರೆ. ತೊಡಕು ಶುರುವಾಗುವುದು ಅಲ್ಲಿಯೇ. ಇಂಟರಪ್ಟ್, ಡಿಸ್ಟರ್ಬ್, ಡಿಸ್ರಪ್ಟ್, ಇಂಟರ್‌ಫಿಯರ್, ಇಂಟರ್‌ವೀನ್, ಇಂಟ್ರೂಡ್, ಅಬ್‌ಸ್ಟ್ರಕ್ಟ್ ಎಂಬ ಪದಗಳನ್ನು ಮಕ್ಕಳ ಕೈಯಲ್ಲಿರುವ ಚಿಕ್ಕ ನಿಘಂಟಿನಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಎಲ್ಲಕ್ಕೂ ‘ಅಡ್ಡಿಪಡಿಸು’, ‘ತಡೆಯೊಡ್ಡು’, ‘ತೊಂದರೆ ಕೊಡು’ ಎಂಬ ಅರ್ಥಗಳೇ ಸಿಗುತ್ತವೆ. ಹೀಗಾಗಿ ‘ಮಳೆ ಬಂದು ಆಟ ನಿಂತಿತು’ ಎನ್ನಲು ಒಬ್ಬ ಹುಡುಗ ‘ದಿ ರೇನ್ ಇಂಟರ್‌ಫಿಯರ್ಡ್ ದಿ ಮ್ಯಾಚ್’ ಎಂದು ಬರೆಯುತ್ತಾನೆ. ‘ನನ್ನ ನಿದ್ದೆ ಕೆಡಿಸಬೇಡ’ ಎನ್ನಲು ಒಬ್ಬ ಹುಡುಗಿ ‘ಡೋಂಟ್ ಇಂಟರ್‌ವೀನ್ ಮೈ ಸ್ಲೀಪ್’ ಎಂದು ಬರೆಯುತ್ತಾಳೆ. ಮಾತಿಗೆ ಬಂದರೆ ಇನ್ನೂ ಕಷ್ಟ, ಏಕೆಂದರೆ ‘ಡಿಸ್ಟರ್ಬ್ ಮಾಡಬೇಡ’ ಎಂಬುದು ನಮ್ಮೆಲ್ಲರ ಕನ್ನಡದಲ್ಲಿ ಸೇರಿಹೋಗಿದ್ದು, ಮಾತಿನ ನಡುವೆ ಬಾಯಿ ಹಾಕುವುದಕ್ಕೂ ಓದುವಾಗ ಗಲಾಟೆ ಮಾಡುವುದಕ್ಕೂ ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದಕ್ಕೂ ಅದೊಂದೇ ಪದ ಸಾಕಾಗುತ್ತದೆ.

ಇಷ್ಟಿಷ್ಟು ಪದಗಳನ್ನು ಬಾಯಿಪಾಠ ಮಾಡಿ ಎಂದು ಮಕ್ಕಳಿಗೆ ಹೇಳಲು ನನಗೆ ಮನಸ್ಸಿಲ್ಲ. ಯಾವ ಸಂದರ್ಭಕ್ಕೆ ಯಾವ ಪದ ಎಂಬುದನ್ನು ಅವರೇ ಯೋಚಿಸಿ ಕಂಡುಕೊಳ್ಳುವಂತೆ ಮಾಡುವ ಒಂದು ಸೂತ್ರ ಇದೆಯೇ? ಉದಾಹರಣೆಗಳು ನಮ್ಮ ಜಿಲ್ಲೆಯ ಬದುಕಿನಿಂದ ಬಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಉತ್ತರ: ಮಡಿಕೇರಿಯ ನಿವೃತ್ತ ಉಪನ್ಯಾಸಕ

ಮೇಡಂ, ನಿಮ್ಮ ಪ್ರಶ್ನೆ ನೋಡಿ ಸಂತೋಷವಾಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ನಾನು ಈ ಪದಗಳನ್ನು ಒಂದೇ ಒಂದು ಪ್ರಶ್ನೆಯಿಂದ ಬೇರ್ಪಡಿಸುತ್ತಿದ್ದೆ: ‘ಕೆಟ್ಟದ್ದು ಯಾವುದು?’ ಯಾರು ಅಡ್ಡಿ ಮಾಡಿದರು, ಎಷ್ಟು ಜೋರಾಗಿ ಮಾಡಿದರು ಎಂಬುದು ಆಮೇಲಿನ ಮಾತು. ಕೆಟ್ಟದ್ದು ನಡೆಯುತ್ತಿದ್ದ ಕೆಲಸದ ಓಟವೇ, ಒಬ್ಬರ ನೆಮ್ಮದಿಯೇ, ಹಲವರು ಸೇರಿ ಕಟ್ಟಿಕೊಂಡ ವ್ಯವಸ್ಥೆಯೇ ಎಂದು ಕೇಳಿಕೊಂಡರೆ ಮೊದಲ ಮೂರು ಪದಗಳು ತಾವಾಗಿ ಬೇರೆಯಾಗುತ್ತವೆ.

ಇಂಟರಪ್ಟ್ ಎಂಬುದರಲ್ಲಿ ಕೆಡುವುದು ಓಟ. ಲ್ಯಾಟಿನ್ನಿನಲ್ಲಿ ‘ಇಂಟರ್’ ಎಂದರೆ ನಡುವೆ, ‘ರುಂಪೆರೆ’ ಎಂದರೆ ಮುರಿ. ನಡುವೆ ಮುರಿಯುವುದೇ ಇಂಟರಪ್ಟ್. ಇಲ್ಲಿ ನಿಘಂಟು ಹೇಳದ ಒಂದು ಸೂಕ್ಷ್ಮವನ್ನು ಮಕ್ಕಳಿಗೆ ತಪ್ಪದೆ ಹೇಳಿ: ಈ ಪದ ಬಳಸಿದಾಗ, ನಿಂತದ್ದು ಮುಂದುವರಿಯಿತು ಅಥವಾ ಮುಂದುವರಿಯಬೇಕಾಗಿತ್ತು ಎಂಬ ಭಾವ ಒಳಗೇ ಇರುತ್ತದೆ. ನಮ್ಮ ಹಾಕಿ ಉತ್ಸವವನ್ನೇ ತೆಗೆದುಕೊಳ್ಳಿ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಡುವೆ ಕೆಲವು ವರ್ಷ ನಡೆಯದೆ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. ಆ ಬಿಡುವಿನ ಬಗ್ಗೆ ಈಗ ಬರೆಯುವವರು ‘ದಿ ಟೂರ್ನಮೆಂಟ್ ವಾಸ್ ಇಂಟರಪ್ಟೆಡ್’ ಎನ್ನಬಹುದು. ಅದು ಪುನಃ ಶುರುವಾಗದೇ ಇದ್ದಿದ್ದರೆ ‘ಡಿಸ್ಕಂಟಿನ್ಯೂಡ್’ ಎಂದೇ ಬರೆಯಬೇಕಾಗುತ್ತಿತ್ತು. ಒಂದು ಪಂದ್ಯದ ಮಟ್ಟಿಗೂ ಹೀಗೆಯೇ. ಏಪ್ರಿಲ್ ಕೊನೆಯಲ್ಲಿ ಗುಡುಗು ಮಳೆ ಬಂದು ಆಟಗಾರರು ಹೊರಗೆ ಓಡಿ, ಮಳೆ ಬಿಟ್ಟ ಮೇಲೆ ಮತ್ತೆ ಇಳಿದರೆ ‘ರೇನ್ ಇಂಟರಪ್ಟೆಡ್ ದಿ ಮ್ಯಾಚ್’. ಮೈದಾನವೆಲ್ಲ ಕೆಸರಾಗಿ ಆಟವನ್ನು ಅಲ್ಲಿಗೇ ಕೈಬಿಟ್ಟರೆ ‘ಅಬ್ಯಾಂಡನ್ಡ್’. ಶುರುವಾಗುವ ಮೊದಲೇ ಬೇಡವೆಂದರೆ ‘ಕಾಲ್ಡ್ ಆಫ್’. ನಿಮ್ಮ ಹುಡುಗ ಬರೆದ ವಾಕ್ಯಕ್ಕೆ ಇದೇ ಉತ್ತರ.

ಡಿಸ್ಟರ್ಬ್ ಎಂಬುದರಲ್ಲಿ ಕೆಡುವುದು ನೆಮ್ಮದಿ ಅಥವಾ ಇದ್ದ ಹಾಗೆ ಇದ್ದ ಸ್ಥಿತಿ. ‘ತುರ್ಬಾ’ ಎಂದರೆ ಲ್ಯಾಟಿನ್ನಿನಲ್ಲಿ ಗದ್ದಲ, ಜನಜಂಗುಳಿ. ಇಲ್ಲಿ ಕೆಲಸ ನಿಲ್ಲಲೇಬೇಕೆಂದಿಲ್ಲ. ಪಕ್ಕದ ಮನೆಯಲ್ಲಿ ಟಿ.ವಿ. ಜೋರಾಗಿ ಹಾಡುತ್ತಿದ್ದರೂ ಹುಡುಗಿ ಓದುತ್ತಲೇ ಇದ್ದಾಳೆ ಎಂದುಕೊಳ್ಳಿ. ಅವಳು ಡಿಸ್ಟರ್ಬ್ ಆಗಿದ್ದಾಳೆ, ಅವಳ ಓದು ಇಂಟರಪ್ಟ್ ಆಗಿಲ್ಲ. ಅಮ್ಮ ಕರೆದರೆಂದು ಪುಸ್ತಕ ಮುಚ್ಚಿ ಎದ್ದು ಹೋದರೆ ಅದು ಇಂಟರಪ್ಷನ್. ಅಮ್ಮ ಕರೆದದ್ದು ಕಾಫಿ ಕುಡಿಯಲೆಂದಾದರೆ ಅವಳಿಗೆ ಸಂತೋಷವೇ ಆಗಿರಬಹುದು, ಆದರೂ ಅದು ಇಂಟರಪ್ಷನ್ನೇ. ಎರಡು ಪದಗಳನ್ನು ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಮೇಜಿನ ಮೇಲಿನ ಕಾಗದ, ಮರದ ಪೊಟರೆಯಲ್ಲಿರುವ ಜೇನುಗೂಡು, ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿ ಇವೆಲ್ಲವನ್ನೂ ಡಿಸ್ಟರ್ಬ್ ಮಾಡಬಹುದು; ಇಂಟರಪ್ಟ್ ಮಾಡಲು ಬರುವುದಿಲ್ಲ.

ಡಿಸ್ರಪ್ಟ್ ಎಂಬುದರಲ್ಲೂ ಅದೇ ‘ರುಂಪೆರೆ’ ಇದೆ, ಆದರೆ ಮುಂದಿರುವ ‘ಡಿಸ್’ ಅದಕ್ಕೆ ‘ಬೇರೆ ಬೇರೆಯಾಗಿ ಒಡೆದುಹೋಗು’ ಎಂಬ ಬಲ ಕೊಡುತ್ತದೆ. ಕೆಡುವುದು ವ್ಯವಸ್ಥೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಹಲವು ಕಡೆ ಕೊಚ್ಚಿಹೋದಾಗ ಆದದ್ದು ಡಿಸ್ರಪ್ಷನ್. ಬಸ್ಸು, ಶಾಲೆ, ಆಸ್ಪತ್ರೆ, ಸಂತೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ರಸ್ತೆ ಹೋದೊಡನೆ ಎಲ್ಲವೂ ಅಸ್ತವ್ಯಸ್ತವಾದವು. ಅದನ್ನು ಇಂಟರಪ್ಷನ್ ಎಂದರೆ ಮಾತು ತೀರ ಹಗುರಾಗುತ್ತದೆ. ಆ ದಿನಗಳನ್ನು ಕಂಡವರು ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎನ್ನುತ್ತೇವಲ್ಲ, ಆ ಕರಡಿ ಮಾಡುವುದು ಡಿಸ್ರಪ್ಟ್. ಪೂಜೆಯ ನಡುವೆ ‘ಹೂವಿನ ಬುಟ್ಟಿ ಎಲ್ಲಿದೆ?’ ಎಂದು ಯಾರಾದರೂ ಕೇಳಿದರೆ ಅದು ಬರಿಯ ಇಂಟರಪ್ಟ್.

ಇಂಟರ್‌ಫಿಯರ್ ಮತ್ತು ಇಂಟರ್‌ವೀನ್ ಬಗ್ಗೆ ಕಾನೂನು ಬಲ್ಲವರು ಯಾರಾದರೂ ಬರೆದರೆ ಹೆಚ್ಚು ಖಚಿತವಾಗಿರುತ್ತದೆ ಎಂದು ಬಿಟ್ಟಿದ್ದೇನೆ.

ಉತ್ತರ: ಕಕ್ಕಬ್ಬೆಯ ಹೋಂಸ್ಟೇ

ನಮ್ಮ ಮನೆಗೆ ಬೇರೆ ರಾಜ್ಯದವರೂ ಹೊರದೇಶದವರೂ ಬಂದು ಉಳಿಯುವುದರಿಂದ ಈ ಪದಗಳು ನನಗೆ ದಿನನಿತ್ಯದ ವ್ಯವಹಾರ. ವ್ಯಾಕರಣವನ್ನು ಉಪನ್ಯಾಸಕರು ಹೇಳಿದ್ದಾರೆ. ಯಾವ ಹೊತ್ತಿಗೆ ಯಾವ ಮಾತು ಸಲ್ಲುತ್ತದೆ ಎಂಬುದನ್ನು ಮಾತ್ರ ನಾನು ಸೇರಿಸುತ್ತೇನೆ.

ಜಗಲಿಯಲ್ಲಿ ನಾಲ್ಕು ಜನ ಮಾತಾಡುತ್ತಿರುವಾಗ ಊಟ ಸಿದ್ಧವಾಗಿದೆ ಎಂದು ಹೇಳಬೇಕಾದರೆ ‘ಸಾರಿ ಟು ಇಂಟರಪ್ಟ್’ ಎಂದು ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ನಡೆಯುತ್ತಿರುವ ಮಾತು ಕಣ್ಣೆದುರಿಗೇ ಇದೆ. ಮುಚ್ಚಿದ ಬಾಗಿಲು ತಟ್ಟಬೇಕಾದರೆ ‘ಸಾರಿ ಟು ಡಿಸ್ಟರ್ಬ್ ಯು’; ಒಳಗೆ ಏನು ನಡೆಯುತ್ತಿದೆಯೋ ತಿಳಿಯದು, ಅವರ ವಿಶ್ರಾಂತಿ ಕೆಡಬಹುದೆಂಬ ಅಳುಕು ಮಾತ್ರ ಇರುತ್ತದೆ. ಹೋಟೆಲುಗಳ ಬಾಗಿಲಿಗೆ ತೂಗುಹಾಕುವ ಫಲಕದ ಮೇಲೆ ‘ಡು ನಾಟ್ ಡಿಸ್ಟರ್ಬ್’ ಎಂದಿರುವುದೂ ಇದೇ ಕಾರಣಕ್ಕೆ. ಚಿಕ್ಕದೊಂದು ಉಪಕಾರ ಕೇಳಬೇಕಾದರೆ, ಕಾರನ್ನು ಸ್ವಲ್ಪ ಹಿಂದೆ ನಿಲ್ಲಿಸಿ ಎಂದು ಹೇಳಬೇಕಾದರೆ, ‘ಸಾರಿ ಟು ಬಾದರ್ ಯು’ ಎನ್ನುವುದು ವಾಡಿಕೆ. ಒಂದು ಕುಟುಂಬ ತಮ್ಮಷ್ಟಕ್ಕೆ ಹುಟ್ಟುಹಬ್ಬ ಮಾಡಿಕೊಳ್ಳುತ್ತಿರುವಲ್ಲಿಗೆ ಹೋಗುವುದಾದರೆ ‘ಐ ಹೋಪ್ ಐ ಆಮ್ ನಾಟ್ ಇಂಟ್ರೂಡಿಂಗ್’ ಎನ್ನಬೇಕು. ಕರೆಯದೆ ಒಳಗೆ ಕಾಲಿಟ್ಟೆನೇ ಎಂಬ ಸಂಕೋಚ ಅದರಲ್ಲಿದೆ.

ಪುಸ್ತಕದಲ್ಲಿ ಕಡಿಮೆ ಸಿಗುವ, ಆದರೆ ಮಾತಿನಲ್ಲಿ ಯಾವಾಗಲೂ ಕೇಳುವ ಜೋಡಿಪದಗಳನ್ನೂ ಮಕ್ಕಳಿಗೆ ಪರಿಚಯಿಸಿ. ‘ಕಟ್ ಇನ್’ ಎಂದರೆ ಮಾತಿನ ನಡುವೆ ಸರಕ್ಕನೆ ನುಗ್ಗುವುದು. ‘ಕಟ್ ಆಫ್’ ಎಂದರೆ ಎದುರಿನವರ ಮಾತನ್ನು ಅಲ್ಲಿಗೇ ತುಂಡರಿಸಿ ನಿಲ್ಲಿಸುವುದು, ಆದ್ದರಿಂದ ಅದು ಒರಟು. ಫೋನಿನ ವಿಷಯದಲ್ಲಿ ಮಾತ್ರ ಯಾರದೂ ತಪ್ಪಿಲ್ಲ: ನಮ್ಮ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೋಗಿ ಮಾತು ಅರ್ಧಕ್ಕೆ ನಿಂತರೆ, ಮತ್ತೆ ಕರೆ ಮಾಡಿ ‘ವಿ ಗಾಟ್ ಕಟ್ ಆಫ್’ ಎನ್ನುತ್ತೇವೆ. ‘ಬಟ್ ಇನ್’ ಎಂಬುದು ತನಗೆ ಸಂಬಂಧವಿಲ್ಲದ ಮಾತಿನಲ್ಲಿ ತಲೆ ಹಾಕುವವರನ್ನು ಕುರಿತ ದೂರು. ‘ಬಾರ್ಜ್ ಇನ್’ ಎಂಬುದು ಬಾಗಿಲು ತಟ್ಟದೆ ಒಳನುಗ್ಗುವವರನ್ನು ಕುರಿತದ್ದು. ‘ಚೈಮ್ ಇನ್’ ಎಂಬುದರಲ್ಲಿ ದೂರೇ ಇಲ್ಲ. ಮಾತಿಗೆ ಮಾತು ಸೇರಿಸಿ ‘ಹೌದು, ನಾನೂ ಅದನ್ನೇ ಹೇಳುತ್ತಿದ್ದೆ’ ಎನ್ನುವವರು ಮಾಡುವುದು ಅದು.

ಉತ್ತರ: ವಿರಾಜಪೇಟೆಯ ವಕೀಲೆ

ಉಪನ್ಯಾಸಕರು ನಮಗೆಂದು ಬಿಟ್ಟ ಎರಡು ಪದಗಳನ್ನು ಎತ್ತಿಕೊಳ್ಳುತ್ತೇನೆ. ಅವರ ‘ಕೆಟ್ಟದ್ದು ಯಾವುದು?’ ಎಂಬ ಪ್ರಶ್ನೆ ಇಲ್ಲಿ ಸಾಲದು; ‘ನಡುವೆ ಬಂದವರಿಗೆ ಬರುವ ಹಕ್ಕಿತ್ತೇ?’ ಎಂದು ಕೇಳಬೇಕು.

ಜಮೀನಿನ ದಾವೆಗಳಲ್ಲಿ ಶಾಶ್ವತ ಪ್ರತಿಬಂಧಕಾಜ್ಞೆ ಕೇಳುವ ಅರ್ಜಿ ಬರೆಯುವಾಗ, ಪ್ರತಿವಾದಿಯು ವಾದಿಯ ಶಾಂತಿಯುತ ಸ್ವಾಧೀನಾನುಭವದಲ್ಲಿ ಹಸ್ತಕ್ಷೇಪ ಮಾಡದಂತೆ ತಡೆಯಬೇಕು ಎಂದು ಬೇಡುತ್ತೇವೆ. ಇಂಗ್ಲಿಷ್ ಅರ್ಜಿಯಲ್ಲಿ ಆ ಜಾಗಕ್ಕೆ ಯಾವಾಗಲೂ ಬರುವುದು ‘ಇಂಟರ್‌ಫಿಯರಿಂಗ್ ವಿತ್’ ಎಂಬ ಪದವೇ. ತೋಟದ ಬೇಲಿ ಕಿತ್ತು ಕರಿಮೆಣಸು ಕುಯ್ಯಲು ಬಂದವನಿಗೆ ಅಲ್ಲಿ ಕೈಯಿಡುವ ಹಕ್ಕಿಲ್ಲ ಎಂಬುದು ವಾದಿಯ ನಿಲುವು. ಅದೇ ನ್ಯಾಯಾಲಯದಲ್ಲಿ, ನಡೆಯುತ್ತಿರುವ ಪ್ರಕರಣದಿಂದ ತನ್ನ ಹಿತಕ್ಕೂ ಬಾಧೆಯಿದೆ ಎನ್ನುವ ಮೂರನೆಯವರು ಮಧ್ಯಪ್ರವೇಶಕ್ಕೆ ಅರ್ಜಿ ಹಾಕಿಕೊಂಡರೆ ಅದು ಇಂಟರ್‌ವೀನ್. ಅವರು ಅನುಮತಿ ಕೇಳಿ ಬರುತ್ತಾರೆ, ಬರುವುದಕ್ಕೆ ಕಾರಣ ತೋರಿಸುತ್ತಾರೆ. ಅಣ್ಣತಮ್ಮಂದಿರು ಜಗಳವಾಡುತ್ತಿದ್ದಾಗ ಊರಿನ ಹಿರಿಯರು ನಡುವೆ ಬಂದು ಬಿಡಿಸಿದರೆ ‘ದಿ ಎಲ್ಡರ್ಸ್ ಇಂಟರ್‌ವೀನ್ಡ್’. ಗಂಡ ಹೆಂಡತಿಯ ಮಾತಿನಲ್ಲಿ ಪಕ್ಕದ ಮನೆಯವರು ತಲೆ ಹಾಕಿದರೆ ‘ದಿ ನೇಬರ್ಸ್ ಇಂಟರ್‌ಫಿಯರ್ಡ್’. ಒಂದೇ ಘಟನೆಯನ್ನು ಎರಡು ಕಡೆಯವರು ಎರಡು ಪದಗಳಲ್ಲಿ ಹೇಳುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆದ್ದರಿಂದ ಈ ಪದಗಳನ್ನು ಆರಿಸುವವನು ಆಗಲೇ ತೀರ್ಪು ಕೊಟ್ಟಾಗಿರುತ್ತದೆ ಎಂಬುದನ್ನು ಮಕ್ಕಳು ತಿಳಿದುಕೊಳ್ಳಬೇಕು. ಪತ್ರಿಕೆ ಓದುವಾಗ ಇದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಇಂಟರ್‌ಫಿಯರ್ ಎಂಬುದು ಹಳೆಯ ಫ್ರೆಂಚಿನಿಂದ ಬಂದ ಪದ. ಒಂದಕ್ಕೊಂದು ಬಡಿಯುವುದು ಎಂಬುದು ಅದರ ಮೂಲ, ನಡೆಯುವಾಗ ಕುದುರೆಯ ಒಂದು ಕಾಲು ಇನ್ನೊಂದಕ್ಕೆ ತಾಗುವುದನ್ನು ಹೀಗೆ ಹೇಳುತ್ತಿದ್ದರು. ಈ ಪದಕ್ಕೆ ನೇರವಾಗಿ ಕರ್ಮಪದ ಹತ್ತುವುದಿಲ್ಲ. ‘ಇಂಟರ್‌ಫಿಯರ್ ಇನ್’ ಎಂದರೆ ಒಬ್ಬರ ವ್ಯವಹಾರದಲ್ಲಿ ತಲೆ ಹಾಕುವುದು, ‘ಇಂಟರ್‌ಫಿಯರ್ ವಿತ್’ ಎಂದರೆ ಒಂದು ಕೆಲಸಕ್ಕೋ ಸಾಧನಕ್ಕೋ ಹಕ್ಕಿಗೋ ತೊಡಕಾಗುವುದು. ಇಂಟರ್‌ವೀನ್ ಎಂಬುದಕ್ಕೆ ‘ಇನ್’ ಬೇಕು. ಇಂಟ್ರೂಡ್ ಎಂಬುದಕ್ಕೆ ‘ಆನ್’ ಅಥವಾ ‘ಇನ್‌ಟು’. ಇಂಟರಪ್ಟ್, ಡಿಸ್ಟರ್ಬ್, ಡಿಸ್ರಪ್ಟ್, ಅಬ್‌ಸ್ಟ್ರಕ್ಟ್ ಈ ನಾಲ್ಕಕ್ಕೆ ಯಾವುದರ ಹಂಗೂ ಇಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಅಬ್‌ಸ್ಟ್ರಕ್ಟ್ ಎಂಬುದು ದಾರಿಗೆ ಅಡ್ಡ ನಿಲ್ಲುವುದು. ರಸ್ತೆಗೆ ಬಿದ್ದ ಮರ ಸಂಚಾರವನ್ನು ಅಬ್‌ಸ್ಟ್ರಕ್ಟ್ ಮಾಡುತ್ತದೆ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಮಿನಲ್ಲಿ, ಅದಕ್ಕೂ ಮೊದಲು ದಂಡ ಸಂಹಿತೆಯ 186ನೇ ಕಲಮಿನಲ್ಲಿ, ಇದೇ ಪದವಿದೆ. ತೋಟದ ಗೇಟುಗಳ ಮೇಲೆ ಬರೆದಿರುವ ‘ಟ್ರೆಸ್‌ಪಾಸ್’ ಇಂಟ್ರೂಡ್‌ಗೆ ಹತ್ತಿರದ್ದು, ಆದರೆ ಅದು ಆಸ್ತಿಗೆ ಅಂಟಿದ ಕಾನೂನಿನ ಪದ. ಒಬ್ಬರ ದುಃಖದ ಹೊತ್ತಿನಲ್ಲಿ ಹೋಗಿ ಫೋಟೊ ತೆಗೆಯುವುದು ಇಂಟ್ರೂಡ್ ಆಗುತ್ತದೆಯೇ ಹೊರತು ಟ್ರೆಸ್‌ಪಾಸ್ ಆಗುವುದಿಲ್ಲ.

ಮರುಪ್ರಶ್ನೆ: ಸೋಮವಾರಪೇಟೆಯ ಶಿಕ್ಷಕಿ

ಮೂವರಿಗೂ ಧನ್ಯವಾದಗಳು. ‘ಕೆಟ್ಟದ್ದು ಯಾವುದು’ ಮತ್ತು ‘ಹಕ್ಕಿತ್ತೇ’ ಎಂಬ ಎರಡು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆದೇ ಪಾಠ ಶುರು ಮಾಡುತ್ತೇನೆ. ಒಂದು ಸಂದೇಹ ಉಳಿದಿದೆ. ಮಾತಿನ ನಡುವೆ ಮಾತಾಡುವುದೆಲ್ಲ ಇಂಟರಪ್ಷನ್ ಆಗುತ್ತದೆಯೇ? ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ‘ಹೂಂ’, ‘ಆಮೇಲೆ?’ ಎನ್ನುತ್ತಲೇ ಇರಬೇಕು. ಹೂಂಗುಟ್ಟದಿದ್ದರೆ ಅಜ್ಜಿಯೇ ಕಥೆ ನಿಲ್ಲಿಸಿ ‘ಮಲಗಿದೆಯಾ?’ ಎಂದು ಕೇಳುತ್ತಾರೆ. ಇದನ್ನು ಮಕ್ಕಳಿಗೆ ಹೇಗೆ ವಿವರಿಸಲಿ?

ಉತ್ತರ: ಪೊನ್ನಂಪೇಟೆಯ ಭಾಷಾವಿಜ್ಞಾನ ವಿದ್ಯಾರ್ಥಿ

ಮೇಡಂ, ನೀವು ಕೇಳಿದ್ದು ಸಂಭಾಷಣೆಯ ಅಧ್ಯಯನದಲ್ಲಿ ಬಹಳ ಚರ್ಚೆಯಾದ ವಿಷಯ. 1974ರಲ್ಲಿ ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ ಎಂಬ ಅಮೆರಿಕದ ಮೂವರು ವಿದ್ವಾಂಸರು, ದಿನನಿತ್ಯದ ಮಾತಿನಲ್ಲಿ ಸರದಿ ಹೇಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ಎಂಬುದನ್ನು ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಪ್ರಕಟಿಸಿದರು. ಅವರ ಪ್ರಕಾರ, ಮಾತಾಡುವವರ ಸರದಿಯಲ್ಲಿ ‘ಇಲ್ಲಿಗೆ ಒಂದು ಘಟ್ಟ ಮುಗಿಯಬಹುದು’ ಎಂದು ಕೇಳುಗರಿಗೆ ಮೊದಲೇ ಸುಳಿವು ಸಿಗುವ ಜಾಗಗಳಿರುತ್ತವೆ, ಮುಂದಿನವರು ಆ ಜಾಗಕ್ಕೆ ಕಾದು ಶುರು ಮಾಡುತ್ತಾರೆ. ಹತ್ತು ಭಾಷೆಗಳ ಪ್ರಶ್ನೋತ್ತರಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಎಂದು ಕಂಡುಬಂತು. ಆ ಹತ್ತರಲ್ಲಿ ಭಾರತದ ಯಾವ ಭಾಷೆಯೂ ಇರಲಿಲ್ಲ ಎಂಬುದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಇಷ್ಟು ಕಿರಿದಾದ ಸಂದಿಯಲ್ಲಿ ಸರದಿ ಬದಲಾಗುವಾಗ ಕೊನೆಯ ಪದದ ಮೇಲೆ ಮೊದಲ ಪದ ಬೀಳುವುದು ಸಹಜ. ಅದಕ್ಕೆ ‘ಓವರ್‌ಲ್ಯಾಪ್’ ಎನ್ನುತ್ತಾರೆ. ಅದು ಇಂಟರಪ್ಷನ್ ಅಲ್ಲ. ಎದುರಿನವರ ವಾಕ್ಯ ಇನ್ನೂ ನಡುವಿನಲ್ಲಿರುವಾಗ ಅವರ ಸರದಿಯನ್ನೇ ಕಿತ್ತುಕೊಂಡರೆ ಮಾತ್ರ ಇಂಟರಪ್ಷನ್.

ಅಜ್ಜಿಯ ಕಥೆಗೆ ಹೂಂಗುಟ್ಟುವ ಮಗುವಿಗೆ ಸರದಿ ಬೇಕಾಗಿಯೇ ಇಲ್ಲ. ‘ನಾನು ಕೇಳುತ್ತಿದ್ದೇನೆ, ನೀವು ಹೇಳಿ’ ಎಂದು ಸರದಿಯನ್ನು ಅಜ್ಜಿಗೇ ಮತ್ತೆ ಮತ್ತೆ ಒಪ್ಪಿಸುವ ಕೆಲಸ ಅದು. ಇಂಗ್ಲಿಷಿನಲ್ಲಿ ‘ಉಹ್ ಹಹ್’, ‘ರೈಟ್’, ‘ಐ ಸೀ’ ಎಂಬುವು ಇದನ್ನೇ ಮಾಡುತ್ತವೆ, ಇವಕ್ಕೆ ‘ಬ್ಯಾಕ್‌ಚಾನೆಲ್’ ಎಂಬ ಹೆಸರಿದೆ. ಡೆಬೊರಾ ಟ್ಯಾನನ್ ಎಂಬ ಭಾಷಾವಿಜ್ಞಾನಿ 1978ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಬ್ಬದೂಟದ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದರು. ನ್ಯೂಯಾರ್ಕ್ ಮೂಲದವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ ಅದನ್ನು ಉತ್ಸಾಹವೆಂದು ತಿಳಿದಿದ್ದರೆ, ಅದೇ ಮೇಜಿನ ಸುತ್ತ ಕುಳಿತಿದ್ದ ಬೇರೆ ಕಡೆಯವರಿಗೆ ಅದು ಮಾತಾಡಲು ಬಿಡದ ಅಬ್ಬರವಾಗಿ ಕಂಡಿತ್ತು. ನಮ್ಮ ಮದುವೆ ಮನೆಗಳ ಮಾತುಕತೆಯನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ಆದರೆ ಇಲ್ಲಿನ ಮಕ್ಕಳು ಮುಂದೆ ಸಂದರ್ಶನಕ್ಕೋ ಕೆಲಸಕ್ಕೋ ಬೇರೆ ಊರಿಗೆ ಹೋದಾಗ, ಪ್ರೀತಿಯಿಂದ ಸೇರಿಸಿದ ಮಾತನ್ನು ಕೇಳುಗರು ಇಂಟರಪ್ಷನ್ ಎಂದು ಎಣಿಸಬಹುದು ಎಂಬ ಎಚ್ಚರ ಅವರಿಗಿರುವುದು ಒಳ್ಳೆಯದು.

ಇದರ ಜೊತೆಗೆ ‘ಇಂಟರ್‌ಜೆಕ್ಟ್’ ಎಂಬುದನ್ನೂ ಕಲಿಸಿ. ‘ನಡುವೆ ಎಸೆ’ ಎಂಬುದು ಅದರ ಲ್ಯಾಟಿನ್ ಮೂಲ. ಒಂದು ಚಿಕ್ಕ ಮಾತನ್ನು ನಡುವೆ ಎಸೆದು ಸುಮ್ಮನಾಗುವುದು ಇಂಟರ್‌ಜೆಕ್ಟ್; ಸರದಿ ಮತ್ತೆ ಮೊದಲಿನವರಿಗೇ ಹೋಗುತ್ತದೆ. ಮಕ್ಕಳು ವ್ಯಾಕರಣದಲ್ಲಿ ಓದುವ ‘ಇಂಟರ್‌ಜೆಕ್ಷನ್’, ಅಂದರೆ ‘ಅಯ್ಯೋ’, ‘ಆಹಾ’ ಮುಂತಾದ ಭಾವಸೂಚಕಗಳು, ಇದೇ ಮೂಲದ್ದಾದ್ದರಿಂದ ನೆನಪಿಡುವುದು ಸುಲಭ. ಲೋಕಸಭೆಯ ಮುದ್ರಿತ ಕಲಾಪದಲ್ಲಿ ಹಲವರು ಒಟ್ಟಿಗೆ ಕೂಗಾಡಿ ಮಾತು ಕೇಳಿಸದಾದ ಕಡೆ ‘ಇಂಟರಪ್ಷನ್ಸ್’ ಎಂಬ ಒಂದೇ ಪದವನ್ನು ಆವರಣದೊಳಗೆ ಅಚ್ಚು ಹಾಕುತ್ತಾರೆ. ಸದನದ 349ನೇ ನಿಯಮವೂ ಒಬ್ಬ ಸದಸ್ಯರು ಮಾತಾಡುವಾಗ ಅವರನ್ನು ಗದ್ದಲದಿಂದ ಇಂಟರಪ್ಟ್ ಮಾಡಬಾರದು ಎನ್ನುತ್ತದೆ. ಆದರೆ ದಿನವಿಡೀ ಸದನ ನಡೆಯದೇ ಹೋದರೆ ಪತ್ರಿಕೆಗಳು ‘ಡಿಸ್ರಪ್ಷನ್’ ಎಂದೇ ಬರೆಯುತ್ತವೆ. ಉಪನ್ಯಾಸಕರು ಹೇಳಿದ ವ್ಯತ್ಯಾಸ ಇಲ್ಲಿಯೂ ಕೆಲಸ ಮಾಡುತ್ತಿದೆ.

ಉತ್ತರ: ಕುಶಾಲನಗರದ ನಿವೃತ್ತ ಎಂಜಿನಿಯರ್

ವಿದ್ಯುತ್ ಸರಬರಾಜಿನಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ನಮ್ಮ ಕ್ಷೇತ್ರದಲ್ಲಿ ಇಂಟರಪ್ಷನ್ ಎಂಬುದು ಅಳತೆಯುಳ್ಳ ಪದ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಐಇಇಇ 1366 ಎಂಬ ಮಾನದಂಡದಂತೆ ಐದು ನಿಮಿಷದೊಳಗೆ ಮರಳುವ ಸರಬರಾಜಿನ ತಡೆ ‘ಮೊಮೆಂಟರಿ’, ಅದಕ್ಕಿಂತ ಹೆಚ್ಚಿನದು ‘ಸಸ್ಟೇನ್ಡ್’. ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಸಲ ಸರಬರಾಜು ನಿಂತಿತು, ಒಟ್ಟು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಸೈಫಿ, ಸೈಡಿ ಎಂಬ ಎರಡು ಸೂಚ್ಯಂಕಗಳಲ್ಲಿ ಲೆಕ್ಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ (SAIFI, SAIDI) ಬರೆದಾಗ ಎರಡು ಹೆಸರುಗಳಲ್ಲೂ ನಡುವಿನ ‘ಐ’ ಅಕ್ಷರ ಇಂಟರಪ್ಷನ್‌ಗೆ ನಿಂತಿದೆ. ಬ್ಯಾಂಕಿನಲ್ಲೋ ಕಂಪ್ಯೂಟರ್ ಲ್ಯಾಬಿನಲ್ಲೋ ಮಕ್ಕಳು ಕಾಣುವ ಯುಪಿಎಸ್ ಪೆಟ್ಟಿಗೆಯ ಪೂರ್ಣ ಹೆಸರು ‘ಅನ್‌ಇಂಟರಪ್ಟಿಬಲ್ ಪವರ್ ಸಪ್ಲೈ’, ಅಂದರೆ ತಡೆಯಾಗದ ಸರಬರಾಜು. ಕನ್ನಡ ಪತ್ರಿಕೆಗಳು ಈ ಇಂಟರಪ್ಷನ್‌ಗೆ ‘ವಿದ್ಯುತ್ ವ್ಯತ್ಯಯ’ ಎಂಬ ಪದವನ್ನು ನೆಲೆಗೊಳಿಸಿವೆ. ನಿಘಂಟಿನ ‘ಅಡ್ಡಿ’ಗಿಂತ ಅದು ಇಲ್ಲಿ ಹೆಚ್ಚು ಹೊಂದುತ್ತದೆ, ಏಕೆಂದರೆ ದುರಸ್ತಿಗೆಂದು ನಾವೇ ಮೊದಲೇ ತಿಳಿಸಿ ಲೈನ್ ಆಫ್ ಮಾಡಿದಾಗಲೂ ಅದು ಇಂಟರಪ್ಷನ್ನೇ, ಆದರೆ ಅಲ್ಲಿ ಯಾರೂ ಯಾರಿಗೂ ಅಡ್ಡಿ ಮಾಡುತ್ತಿರುವುದಿಲ್ಲ.

ಉತ್ತರ: ಮಡಿಕೇರಿಯ ನಿವೃತ್ತ ಉಪನ್ಯಾಸಕ

ಎಂಜಿನಿಯರ್ ಅವರ ಕೊನೆಯ ಮಾತು ನನಗೆ ಇನ್ನೊಂದನ್ನು ನೆನಪಿಸಿತು. ಮೊದಲೇ ಗೊತ್ತುಮಾಡಿದ ಬಿಡುವಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ, ಅವುಗಳಲ್ಲಿ ಒಂದು ಮಕ್ಕಳ ಬಾಯಲ್ಲಿ ಆಗಲೇ ಇದೆ: ಇಂಟರ್‌ವಲ್. ಎರಡು ಕೋಟೆಗೋಡೆಗಳ ನಡುವಿನ ಜಾಗ ಎಂಬುದು ಅದರ ಮೂಲಾರ್ಥ. ಶಾಲೆಯ ಗಂಟೆಗೂ ಸಿನಿಮಾದ ನಡುವಿನ ಬಿಡುವಿಗೂ ನಾವು ಅದನ್ನೇ ಬಳಸುತ್ತೇವೆ. ಅಮೆರಿಕದಲ್ಲಿ ಶಾಲೆಯದ್ದು ‘ರೀಸೆಸ್’, ನಾಟಕದ್ದು ‘ಇಂಟರ್‌ಮಿಷನ್’. ‘ಬ್ರೇಕ್’ ಎಂಬುದು ಎಲ್ಲಕ್ಕೂ ಸಲ್ಲುತ್ತದೆ, ‘ಪಾಝ್’ (pause) ಎಂಬುದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನದು.

ಬಿಡುವೇ ಇಲ್ಲದ್ದನ್ನು ಹೇಳುವಾಗಲೂ ಒಂದು ವ್ಯತ್ಯಾಸವಿದೆ, ಅದನ್ನು ನಮ್ಮ ಮಳೆಯಿಂದಲೇ ಕಲಿಸಬಹುದು. ಜುಲೈಯಲ್ಲಿ ಹಗಲೂ ರಾತ್ರಿಯೂ ಎಡೆಬಿಡದೆ ಸುರಿದು, ಭಾಗಮಂಡಲದ ಸಂಗಮದಲ್ಲಿ ನೀರು ಉಕ್ಕುವಂತೆ ಮಾಡುವ ಮಳೆ ‘ಕಂಟಿನ್ಯುಯಸ್’. ಬಿಟ್ಟು ಬಿಟ್ಟು, ಆದರೆ ಪೂರ್ತಿ ನಿಲ್ಲದೆ ವಾರಗಟ್ಟಲೆ ಹೊಡೆಯುವ ಮಳೆ ‘ಕಂಟಿನ್ಯುಯಲ್’. ‘ಕಂಟಿನ್ಯುಯಲ್ ಇಂಟರಪ್ಷನ್ಸ್’ ಎಂದು ಬರೆಯುವುದು ಸರಿ, ಏಕೆಂದರೆ ಅಡ್ಡಿಗಳು ಒಂದಾದ ಮೇಲೊಂದು ಬರುತ್ತವೆ. ‘ಕಂಟಿನ್ಯುಯಸ್ ಇಂಟರಪ್ಷನ್’ ಎಂದು ಬರೆದರೆ, ಎಡೆಬಿಡದ ಅಡ್ಡಿಯಲ್ಲಿ ಅಡ್ಡಿಗೊಳಗಾಗಲು ಏನೂ ಉಳಿದಿರುವುದಿಲ್ಲವಾದ್ದರಿಂದ, ಅರ್ಥ ಕೂಡುವುದಿಲ್ಲ. ಹತ್ತನೆಯ ತರಗತಿಯವರಿಗೆ ಈ ಎರಡನ್ನೂ ಕೊಟ್ಟು ಯಾವುದು ಸರಿ, ಏಕೆ ಎಂದು ಕೇಳಿ ನೋಡಿ.